ಕಡಲಾಮೆಯ ಲೆಕ್ಕ: ತೆರೆಂಗಾನು ತೀರದಲ್ಲಿ 10,155 ಗೂಡುಗಳು 37 ಆದ ಬಗೆ

ಎರಡು ಸಂಖ್ಯೆಗಳಿಂದ ಶುರು ಮಾಡೋಣ. 1956ರಲ್ಲಿ ಮಲೇಷ್ಯಾದ ಪೂರ್ವ ಕರಾವಳಿಯ ತೆರೆಂಗಾನು ರಾಜ್ಯದಲ್ಲಿ ಚರ್ಮಬೆನ್ನಿನ ಕಡಲಾಮೆಗಳು ತೋಡಿದ ಗೂಡುಗಳು 10,155. ಅದೇ ತೀರದಲ್ಲಿ 1995ರಲ್ಲಿ ಎಣಿಕೆಗೆ ಸಿಕ್ಕ ಗೂಡುಗಳು 37. ನಡುವಿನ ಅವಧಿ 39 ವರ್ಷ. ಆಮೇಲಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಬಂದವು, ಕೆಲವು ವರ್ಷ ಒಂದೂ ಬರಲಿಲ್ಲ.

ಈ ಗೂಡುಗಳ ಮುಖ್ಯ ನೆಲೆ ಡುಂಗುನ್ ಪಟ್ಟಣದ ಉತ್ತರಕ್ಕೆ ಸುಮಾರು 22 ಕಿ.ಮೀ. ದೂರದ ರಂಟಾವ್ ಅಬಾಂಗ್. ಜಗತ್ತಿನಲ್ಲೇ ಚರ್ಮಬೆನ್ನಿನ ಆಮೆಗಳು ಅತಿ ಹೆಚ್ಚು ಮೊಟ್ಟೆ ಇಡುತ್ತಿದ್ದ ತೀರಗಳಲ್ಲಿ ಅದೂ ಒಂದಾಗಿತ್ತು. ಊರಿನ ಹೋಟೆಲು, ಚಹಾದಂಗಡಿ, ಮಾರ್ಗದರ್ಶಕರ ಕೆಲಸ ಎಲ್ಲವೂ ಈ ಆಮೆಯ ಹಂಗಾಮನ್ನೇ ನೆಚ್ಚಿಕೊಂಡಿದ್ದವು. ಹತ್ತಿರದ ತಂಜೋಂಗ್ ಜರಾ ಬೀಚ್ ಹೋಟೆಲಿಗೂ, ಆಮೆ ನೋಡಲು ಬರುವವರಿಗೆಂದೇ ಕಟ್ಟಿದ ರಂಟಾವ್ ಅಬಾಂಗ್ ಸಂದರ್ಶಕರ ಕೇಂದ್ರಕ್ಕೂ ಸೇರಿಸಿ 1983ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಮಲಯ ಅರಮನೆಗಳ ಮಾದರಿಯಲ್ಲಿ ಮರದಿಂದ ಕಟ್ಟಿದ ಆ ಕಟ್ಟಡಗಳು ಹೊಗಳಿಕೆ ಪಡೆಯುತ್ತಿದ್ದ ಹೊತ್ತಿಗೇ, ಅವು ಯಾರಿಗಾಗಿ ಎದ್ದಿದ್ದವೋ ಆ ಅತಿಥಿಯ ಸಂಖ್ಯೆ ಪಾತಾಳಕ್ಕೆ ಇಳಿಯುತ್ತಿತ್ತು.

ಈ ವರದಿ ಆ ಇಳಿಕೆಯ ಲೆಕ್ಕ. ಜೊತೆಗೆ, ಅದೇ ರಾಜ್ಯದ ಇನ್ನೊಂದು ತೀರದಲ್ಲಿ ಏರುತ್ತಿರುವ ಲೆಕ್ಕ. ಕೊನೆಗೆ ನಮ್ಮ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಗೆ ಇದರಿಂದ ಏನು ಪಾಠ ಎಂಬ ಪ್ರಶ್ನೆ.

ಒಂದು ನೋಟದಲ್ಲಿ

• ತೆರೆಂಗಾನು ಕರಾವಳಿಯ ಉದ್ದ: ಸುಮಾರು 240 ಕಿ.ಮೀ.
• ಚರ್ಮಬೆನ್ನಿನ ಆಮೆಯ ತೂಕ: ಸಾಮಾನ್ಯವಾಗಿ 300ರಿಂದ 500 ಕಿಲೊ
• ಒಂದು ಗೂಡಿನ ಫಲವಂತ ಮೊಟ್ಟೆಗಳು: ಸುಮಾರು 85
• ಒಂದು ಹಂಗಾಮಿನಲ್ಲಿ ಒಂದು ಹೆಣ್ಣಾಮೆ ತೋಡುವ ಗೂಡು: 5ರ ಆಸುಪಾಸು, 9–10 ದಿನಕ್ಕೊಂದರಂತೆ
• ಮರಿ ಹೊರಬರಲು ಬೇಕಾದ ಅವಧಿ: ಹೆಚ್ಚುಕಡಿಮೆ ಎರಡು ತಿಂಗಳು
• ಗೂಡುಗಳ ಇಳಿಕೆ, 1956ರಿಂದ 1995: ಶೇ. 99.6

ವರ್ಷದ ಪಂಚಾಂಗ

ಕನ್ನಡ ಕರಾವಳಿಗೆ ಮಳೆ ಜೂನ್‌ನಲ್ಲಿ ಬಂದರೆ ಮಲೇಷ್ಯಾದ ಪೂರ್ವ ಕರಾವಳಿಗೆ ಅದು ನವೆಂಬರಿನಲ್ಲಿ ಬರುತ್ತದೆ. ಈಶಾನ್ಯ ಮಾರುತ ಬೀಸುವ ನವೆಂಬರಿನಿಂದ ಫೆಬ್ರವರಿವರೆಗೆ ದಕ್ಷಿಣ ಚೀನಾ ಸಮುದ್ರ ಉಬ್ಬಿ ನಿಲ್ಲುತ್ತದೆ. ರೆಡಾಂಗ್, ಪೆರ್ಹೆಂಟಿಯನ್ ದ್ವೀಪಗಳ ಹೆಚ್ಚಿನ ರೆಸಾರ್ಟ್‌ಗಳು ಬಾಗಿಲು ಹಾಕುತ್ತವೆ, ಪ್ರವಾಸಿ ದೋಣಿಗಳ ಓಡಾಟ ನಿಲ್ಲುತ್ತದೆ. ಮಾರ್ಚ್ ಬಂದಂತೆ ಬಾಗಿಲುಗಳು ತೆರೆಯುತ್ತವೆ. ಏಪ್ರಿಲಿನಿಂದ ಜುಲೈವರೆಗೆ ರಾತ್ರಿ ದೋಣಿಯಲ್ಲಿ ದೀಪ ಹಚ್ಚಿಕೊಂಡು ಕೈಗಾಳದಿಂದ ಬೊಂಡಾಸ್ ಹಿಡಿಯುವ ಹಂಗಾಮು, ಅದನ್ನು ನೋಡಲು ಮತ್ತು ತಾವೂ ಗಾಳ ಹಾಕಲು ಬರುವವರ ಸಾಲು.

ಆಮೆಯ ಕ್ಯಾಲೆಂಡರೂ ಇದೇ. ಮೊದಲ ಗೂಡುಗಳು ಮಾರ್ಚ್‌ನಲ್ಲಿ, ಏರುಹೊತ್ತು ಮೇಯಿಂದ ಆಗಸ್ಟ್, ಅಕ್ಟೋಬರಿಗೆ ಮುಕ್ತಾಯ. ಅಂದರೆ ಮನುಷ್ಯರ ಎಂಟು ತಿಂಗಳ ಗಳಿಕೆಯ ಕಾಲವೂ ಆಮೆಯ ಎಂಟು ತಿಂಗಳ ಸಂತಾನದ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಒಂದೇ ಮರಳು, ಒಂದೇ ರಾತ್ರಿ, ಇಬ್ಬರು ಹಕ್ಕುದಾರರು. ಮುಂದಿನ ಎಲ್ಲ ಲೆಕ್ಕಗಳೂ ಈ ಘರ್ಷಣೆಯಿಂದಲೇ ಹುಟ್ಟುತ್ತವೆ.

ಎಂಟು ಸಲ ಅರ್ಧ

10,155 ಗೂಡು ಎಂದರೆ ಎಷ್ಟು ಆಮೆ? ಒಂದು ಹೆಣ್ಣು ಒಂದು ಹಂಗಾಮಿನಲ್ಲಿ 5 ಗೂಡು ತೋಡುತ್ತದೆ ಎಂದು ಹಿಡಿದರೆ ಸುಮಾರು 2,030 ಹೆಣ್ಣಾಮೆಗಳು. ಗೂಡಿಗೆ 85ರಂತೆ ಮೊಟ್ಟೆಗಳು 8,63,175. ಒಂದೇ ವರ್ಷದಲ್ಲಿ, ಒಂದೇ ರಾಜ್ಯದ ಮರಳಿನಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮೊಟ್ಟೆ.

37 ಗೂಡು ಎಂದರೆ ಏಳೆಂಟು ಹೆಣ್ಣಾಮೆ. ಮೊಟ್ಟೆ 3,145.

10,155ನ್ನು ಅರ್ಧ ಮಾಡುತ್ತಾ ಹೋಗಿ: 5,078, 2,539, 1,269, 635, 317, 159, 79, 40. ಎಂಟು ಸಲ ಅರ್ಧವಾದರೆ 37ರ ಹತ್ತಿರ ಬರುತ್ತೇವೆ. 39 ವರ್ಷವನ್ನು ಎಂಟು ಪಾಲು ಮಾಡಿದರೆ ಒಂದೊಂದು ಪಾಲಿಗೆ ಐದು ವರ್ಷಕ್ಕಿಂತ ತುಸು ಕಡಿಮೆ. ಸರಾಸರಿಯಲ್ಲಿ ಹೇಳುವುದಾದರೆ ಪ್ರತಿ ಐದು ವರ್ಷಕ್ಕೆ ಅರ್ಧದಷ್ಟು ಆಮೆಗಳು ಇಲ್ಲವಾದವು. ವರ್ಷದ ಲೆಕ್ಕದಲ್ಲಿ ಇದು ಶೇ. 13ರಷ್ಟು ಇಳಿಕೆ.

ಒಂದು ವರ್ಷ ಶೇ. 13 ಕಡಿಮೆಯಾದರೆ ತೀರದಲ್ಲಿ ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಹೋದ ವರ್ಷ ನೂರು ಬಂದಿದ್ದ ಕಡೆ ಈ ವರ್ಷ ಎಂಬತ್ತೇಳು ಬಂದರೆ ‘ಈ ಸಲ ಸ್ವಲ್ಪ ಕಡಿಮೆ’ ಎಂಬ ಮಾತಿನಲ್ಲಿ ಮುಗಿಯುತ್ತದೆ. ಸಾಲು ಸಾಲಾಗಿ ಬರೆದಿಟ್ಟ ಅಂಕಿಗಳು ಮಾತ್ರ ಅದನ್ನು ತೋರಿಸಬಲ್ಲವು. ಇಷ್ಟು ದೀರ್ಘ ಕಾಲದ ಗೂಡಿನ ಎಣಿಕೆಯನ್ನು ಒಟ್ಟುಗೂಡಿಸಿ ಜಗತ್ತಿನ ಮುಂದಿಟ್ಟವರು ಚಾನ್ ಎಂಗ್ ಹೆಂಗ್ ಮತ್ತು ಲ್ಯೂ ಹಾಕ್ ಚಾರ್ಕ್ ಎಂಬ ತೆರೆಂಗಾನುವಿನ ಇಬ್ಬರು ಸಂಶೋಧಕರು. ಅವರ ಕೆಲಸ ಇಲ್ಲದಿದ್ದರೆ ಈ ಕುಸಿತ ಹಳಬರ ನೆನಪಿನ ಮಾತಾಗಿಯಷ್ಟೇ ಉಳಿಯುತ್ತಿತ್ತು.

ಮೊಟ್ಟೆಯ ವ್ಯವಹಾರ

ತೆರೆಂಗಾನುವಿನ ಜನ ಬಹುಪಾಲು ಮುಸ್ಲಿಮರು. ಆಮೆಯ ಮಾಂಸ ಅವರಿಗೆ ನಿಷಿದ್ಧ, ಮೊಟ್ಟೆ ಅಲ್ಲ. ಹೀಗಾಗಿ ದಡಕ್ಕೆ ಬಂದ ದೊಡ್ಡಾಮೆಯನ್ನು ಯಾರೂ ಕೊಲ್ಲುತ್ತಿರಲಿಲ್ಲ, ಆದರೆ ಅದು ಇಟ್ಟ ಮೊಟ್ಟೆಯನ್ನು ಉಳಿಸುತ್ತಲೂ ಇರಲಿಲ್ಲ. ತೀರವನ್ನು ತುಂಡು ತುಂಡಾಗಿ ಗುತ್ತಿಗೆಗೆ ಕೊಡುವ ಪದ್ಧತಿ ಇತ್ತು. ಹೆಚ್ಚು ಕೂಗಿದವರಿಗೆ ಆ ತುಂಡಿನ ಮೊಟ್ಟೆಯ ಹಕ್ಕು, ರಾಜ್ಯದ ಬೊಕ್ಕಸಕ್ಕೆ ಗುತ್ತಿಗೆಯ ಹಣ. 1951ರ ಆಮೆ ಕಾನೂನು ಈ ವ್ಯವಹಾರಕ್ಕೆ ಪರವಾನಗಿಯ ಚೌಕಟ್ಟು ಹಾಕಿಕೊಟ್ಟಿತು. 1960ರ ದಶಕದಲ್ಲಿ ಮೊಟ್ಟೆಯ ಒಂದು ಸಣ್ಣ ಪಾಲನ್ನು ಮರಿ ಮಾಡಿಸಿ ಕಡಲಿಗೆ ಬಿಡುವ ಕೆಲಸ ಶುರುವಾಗುವವರೆಗೆ ಹೆಚ್ಚುಕಡಿಮೆ ಎಲ್ಲ ಮೊಟ್ಟೆಯೂ ಮಾರುಕಟ್ಟೆಗೆ ಹೋಗುತ್ತಿತ್ತು. ಆಮೇಲೂ ಮೀನುಗಾರಿಕಾ ಇಲಾಖೆ ಮರಿಗೂಡಿಗೆ ಬೇಕಾದ ಮೊಟ್ಟೆಯನ್ನು ಗುತ್ತಿಗೆದಾರರಿಂದ ದುಡ್ಡು ಕೊಟ್ಟು ಕೊಳ್ಳಬೇಕಾಗಿತ್ತು.

ಹಾಗಾದರೆ ಮೊಟ್ಟೆ ಎಲ್ಲವೂ ಹೋಗುತ್ತಿದ್ದ ಕಾಲದಲ್ಲೇ ಹತ್ತು ಸಾವಿರ ಗೂಡು ಹೇಗೆ ಇತ್ತು? ಉತ್ತರ ಆಮೆಯ ವಯಸ್ಸಿನಲ್ಲಿದೆ. ಇಂದು ಮೊಟ್ಟೆಯೊಡೆದ ಮರಿ ದೊಡ್ಡದಾಗಿ ಅದೇ ಸೀಮೆಗೆ ಮೊಟ್ಟೆ ಇಡಲು ಬರಲು ಹತ್ತಾರು ವರ್ಷ ಬೇಕು; ಹಸಿರು ಕಡಲಾಮೆಗಾದರೆ 25–30 ವರ್ಷ. ಬಂದ ಮೇಲೆ ದಶಕಗಟ್ಟಲೆ ಬರುತ್ತಲೇ ಇರುತ್ತದೆ. ಹಳೆಯ ಮರಗಳು ಕಾಯಿ ಬಿಡುತ್ತಿವೆ ಎಂದು ಹೊಸ ಸಸಿ ನೆಡದೆ ಬಿಟ್ಟ ತೆಂಗಿನ ತೋಟದ ಸ್ಥಿತಿಯೇ ರಂಟಾವ್ ಅಬಾಂಗಿನದಾಯಿತು. ಫಸಲು ನಿಂತಾಗ ನೆಡಬೇಕಾಗಿದ್ದ ಕಾಲ ದಾಟಿ ಒಂದು ತಲೆಮಾರು ಕಳೆದಿತ್ತು.

ಈ ವರದಿ ಹೇಳಲು ಹೊರಟದ್ದು ಇದನ್ನೇ: ಒಂದು ತೀರದಲ್ಲಿ ಈ ವರ್ಷ ಕಾಣುವ ಆಮೆ ಈ ವರ್ಷದ ಒಳ್ಳೆಯತನದ ಫಲವಲ್ಲ, ಕಾಲು ಶತಮಾನದ ಹಿಂದೆ ಉಳಿದ ಮೊಟ್ಟೆಯ ಫಲ. ಈ ವರ್ಷದ ನಡವಳಿಕೆಯ ಫಲಿತಾಂಶ ಕಾಣುವುದು 2050ರ ಸುಮಾರಿಗೆ.

ಎಷ್ಟು ಮೊಟ್ಟೆ ಉಳಿದರೆ ಸಾಕು?

ಸರಳವಾದ ಒಂದು ಲೆಕ್ಕ ಹಾಕೋಣ. ಹಸಿರು ಕಡಲಾಮೆಯನ್ನು ತೆಗೆದುಕೊಳ್ಳಿ, ತೆರೆಂಗಾನುವಿನಲ್ಲಿ ಈಗ ಹೆಚ್ಚಾಗಿ ಬರುವುದು ಅದೇ.

ಒಂದು ಗೂಡಿಗೆ 100 ಮೊಟ್ಟೆ. ಒಂದು ಹಂಗಾಮಿಗೆ 5 ಗೂಡು. ಅಂದರೆ 500 ಮೊಟ್ಟೆ. ಹಸಿರು ಆಮೆ ಪ್ರತಿ ವರ್ಷ ಬರುವುದಿಲ್ಲ, ಸುಮಾರು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಮೊಟ್ಟೆ ಇಡುವ ಆಯುಷ್ಯ 20 ವರ್ಷ ಎಂದು ಹಿಡಿದರೆ ಏಳು ಹಂಗಾಮು. ಜೀವಮಾನದ ಮೊಟ್ಟೆ 3,500. ಒಂದನ್ನೂ ಯಾರೂ ಮುಟ್ಟದೆ, ನೂರಕ್ಕೆ ಎಂಬತ್ತು ಒಡೆದು ಮರಿಯಾದರೆ 2,800 ಮರಿ. ಸಾವಿರ ಮರಿಗೆ ಒಂದು ದೊಡ್ಡದಾಗುತ್ತದೆ ಎಂಬ ರೂಢಿಯ ಅಂದಾಜನ್ನು ಒಪ್ಪಿದರೆ 2.8 ದೊಡ್ಡಾಮೆ.

ಸಂತತಿ ಕುಗ್ಗದೆ ಇರಲು ಒಂದು ಹೆಣ್ಣು ತನ್ನ ಜಾಗಕ್ಕೆ ಒಂದು, ತನ್ನ ಜೊತೆಗಾರನ ಜಾಗಕ್ಕೆ ಒಂದು, ಹೀಗೆ ಎರಡನ್ನು ಬಿಟ್ಟುಹೋಗಬೇಕು. 2ನ್ನು 2.8ರಿಂದ ಭಾಗಿಸಿದರೆ 0.71. ಅಂದರೆ ನೂರರಲ್ಲಿ 71 ಮೊಟ್ಟೆ ಮರಳಿನಲ್ಲೇ ಉಳಿಯಬೇಕು. ಕಡಲಾಮೆ ತಜ್ಞರು ಬಹಳ ಹಿಂದಿನಿಂದ ಹೇಳುತ್ತ ಬಂದಿರುವ ಕನಿಷ್ಠ ಮಿತಿಯೂ ಶೇ. 70ರ ಆಸುಪಾಸಿನದೇ.

ಈ ಲೆಕ್ಕದಲ್ಲಿ ಬಲೆಗೆ ಸಿಕ್ಕಿ ಸಾಯುವ ಆಮೆಗಳನ್ನು ಸೇರಿಸಿಲ್ಲ. ಸೇರಿಸಿದರೆ ಏನಾಗುತ್ತದೆ ನೋಡಿ: ದೊಡ್ಡಾಮೆಯ ಆಯುಷ್ಯ ಏಳು ಹಂಗಾಮಿನಿಂದ ಐದಕ್ಕೆ ಇಳಿದರೆ ಮೊಟ್ಟೆ 2,500, ಮರಿ 2,000, ದೊಡ್ಡದಾಗುವುದು ಸರಿಯಾಗಿ 2. ಆಗ ಒಂದು ಮೊಟ್ಟೆಯನ್ನೂ ತಿನ್ನುವ ಅವಕಾಶ ಉಳಿಯುವುದಿಲ್ಲ. ನಾಲ್ಕಕ್ಕೆ ಇಳಿದರೆ ಎಲ್ಲ ಮೊಟ್ಟೆ ಉಳಿಸಿದರೂ ಸಂತತಿ ಕುಗ್ಗುತ್ತದೆ.

ತೆರೆಂಗಾನುವಿನಲ್ಲಿ ಎರಡೂ ಒಟ್ಟಿಗೆ ನಡೆದವು. 1970ರ ದಶಕದಲ್ಲಿ ಟ್ರಾಲ್ ಬೋಟುಗಳು ಹೆಚ್ಚಿದವು. ತೊರಕೆ ಮೀನಿಗೆಂದು ಹಾಕುತ್ತಿದ್ದ ದೊಡ್ಡ ಕಣ್ಣಿನ ಬಲೆಗೆ ಆಮೆಗಳು ಸಿಕ್ಕಿ ಉಸಿರುಗಟ್ಟಿ ಸತ್ತವು. ಆ ಬಲೆಗೆ ನಿಷೇಧ ಬಂದದ್ದು 1990ರ ಸುಮಾರಿಗೆ. ದೂರದ ಶಾಂತಸಾಗರದಲ್ಲಿ ಮೈಲುಗಟ್ಟಲೆ ಉದ್ದದ ತೇಲುಬಲೆಗಳಿದ್ದವು. ವಿಶ್ವಸಂಸ್ಥೆಯ ನಿರ್ಣಯದಂತೆ ಅವುಗಳಿಗೆ ತಡೆ ಬಿದ್ದದ್ದು 1992ರ ಕೊನೆಗೆ. ಆ ಹೊತ್ತಿಗೆ ರಂಟಾವ್ ಅಬಾಂಗಿನ ಲೆಕ್ಕ ಮುಗಿಯುತ್ತ ಬಂದಿತ್ತು.

ಮರಿಗೂಡಿನಲ್ಲೂ ಒಂದು ಪೆಟ್ಟು ಬಿತ್ತು. ಕಡಲಾಮೆಯಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. 29–30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು. ರಂಟಾವ್ ಅಬಾಂಗಿನ ಬಿಸಿಲಿನ ಮರಿಗೂಡಿನಲ್ಲಿ 1980ರ ದಶಕದ ಕೊನೆಯ ಹಂಗಾಮುಗಳಲ್ಲಿ ಹುಟ್ಟಿದವು ಬಹುತೇಕ ಎಲ್ಲವೂ ಹೆಣ್ಣು ಎಂದು ಚಾನ್ ಮತ್ತು ಲ್ಯೂ ಅವರ ಅಧ್ಯಯನ ತೋರಿಸಿತು. ಉಳಿಸಲೆಂದೇ ಮಾಡಿದ ಕೆಲಸ ಗಂಡಿಲ್ಲದ ಪೀಳಿಗೆಯನ್ನು ಕಡಲಿಗೆ ಬಿಟ್ಟಿತು. ನೆರಳಿನ ಚಪ್ಪರ ಹಾಕಬೇಕೆಂಬ, ಸಾಧ್ಯವಿದ್ದಲ್ಲಿ ಮೊಟ್ಟೆಯನ್ನು ಇಟ್ಟ ಜಾಗದಲ್ಲೇ ಬಿಡಬೇಕೆಂಬ ಪಾಠ ಅಲ್ಲಿಂದ ಬಂತು.

4,22,000 ಮೊಟ್ಟೆಯ ಬೆಲೆ

ಚರ್ಮಬೆನ್ನಿನ ಆಮೆಯ ಮೊಟ್ಟೆ ಮಾರಾಟವನ್ನು ತೆರೆಂಗಾನು 1980ರ ದಶಕದ ಕೊನೆಯಲ್ಲೇ ನಿಷೇಧಿಸಿತು. ಉಳಿದ ಆಮೆಗಳ ಮೊಟ್ಟೆಯ ಮಾರಾಟ ಮಾತ್ರ ಮುಂದುವರಿಯಿತು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ ಅಧ್ಯಯನದಂತೆ 2007ರ ಒಂದೇ ವರ್ಷದಲ್ಲಿ ತೆರೆಂಗಾನುವಿನಲ್ಲಿ ಕೈಬದಲಾದ ಆಮೆ ಮೊಟ್ಟೆ ಸುಮಾರು 4,22,000. ಹೊರಗಿನಿಂದ ಬಂದವೂ ಇದರಲ್ಲಿ ಸೇರಿವೆ.

ಗೂಡಿಗೆ 100ರಂತೆ ಇದು 4,220 ಗೂಡು. ಹೆಣ್ಣಿಗೆ 5 ಗೂಡಿನಂತೆ 844 ಆಮೆಗಳ ಇಡೀ ಹಂಗಾಮಿನ ದುಡಿಮೆ. ಮೊಟ್ಟೆಗೆ 3 ರಿಂಗಿಟ್ ಎಂದು ಇಟ್ಟುಕೊಂಡರೆ ಒಟ್ಟು ವಹಿವಾಟು 12.66 ಲಕ್ಷ ರಿಂಗಿಟ್. ರಿಂಗಿಟ್‌ಗೆ 20 ರೂಪಾಯಿಯ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ. ಸಣ್ಣ ಮೊತ್ತವಲ್ಲ, ಬಡ ಮೀನುಗಾರ ಕುಟುಂಬಗಳಿಗೆ ಅದರ ಬೆಲೆ ಇನ್ನೂ ದೊಡ್ಡದು. ಆದ್ದರಿಂದ ಮೊಟ್ಟೆ ಹೆಕ್ಕುವವರನ್ನು ಕಳ್ಳರಂತೆ ಕಾಣುವುದು ನ್ಯಾಯವಲ್ಲ. ಅದು ಸರ್ಕಾರವೇ ಪರವಾನಗಿ ಕೊಟ್ಟ ಕಸುಬಾಗಿತ್ತು.

ಆದರೆ ಅದೇ ಆಮೆಯಿಂದ ಬರಬಹುದಾದ ಇನ್ನೊಂದು ಗಳಿಕೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ವಿಶ್ವ ವನ್ಯಜೀವಿ ನಿಧಿ 2004ರಲ್ಲಿ ಹೊರತಂದ ಅಧ್ಯಯನವೊಂದು ಜಗತ್ತಿನ ಬೇರೆ ಬೇರೆ ಕಡೆಯ ಲೆಕ್ಕ ತೆಗೆಯಿತು. ಮಾಂಸ, ಮೊಟ್ಟೆ, ಚಿಪ್ಪಿಗಾಗಿ ಆಮೆಯನ್ನು ಬಳಸುವ 9 ಸ್ಥಳಗಳಲ್ಲಿ ವರ್ಷದ ಸರಾಸರಿ ಆದಾಯ ಸುಮಾರು 5.8 ಲಕ್ಷ ಡಾಲರ್. ಆಮೆಯನ್ನು ನೋಡಲು ಬರುವ ಪ್ರವಾಸಿಗರಿಂದ ಗಳಿಸುವ 9 ಸ್ಥಳಗಳಲ್ಲಿ ಸುಮಾರು 16.6 ಲಕ್ಷ ಡಾಲರ್. ಹೆಚ್ಚುಕಡಿಮೆ ಮೂರು ಪಟ್ಟು. ಅಲ್ಲದೆ ಮೊಟ್ಟೆಯನ್ನು ಒಮ್ಮೆ ಮಾರಬಹುದು. ಆಮೆಯನ್ನು ಅದರ ಜೀವಮಾನವಿಡೀ ತೋರಿಸಬಹುದು.

ಈ ಮೂರು ಪಟ್ಟು ಯಾರ ಕೈ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಮೊಟ್ಟೆಯ ದುಡ್ಡು ನೇರವಾಗಿ ಹಳ್ಳಿಯವರ ಕೈಗೆ ಬರುತ್ತಿತ್ತು. ಪ್ರವಾಸೋದ್ಯಮದ ದುಡ್ಡಿನಲ್ಲಿ ದೊಡ್ಡ ಪಾಲು ರೆಸಾರ್ಟಿನ ಒಡೆಯನಿಗೆ, ವಿಮಾನ ಕಂಪನಿಗೆ ಹೋಗುತ್ತದೆ. ಮೊಟ್ಟೆ ಹೆಕ್ಕುತ್ತಿದ್ದವನಿಗೆ ಕಾವಲುಗಾರನ, ಮಾರ್ಗದರ್ಶಕನ, ದೋಣಿ ನಡೆಸುವವನ ಸಂಬಳ ಸಿಗದಿದ್ದರೆ ಜಗತ್ತಿನ ಸರಾಸರಿಯಿಂದ ಅವನ ಮನೆಯ ಒಲೆ ಉರಿಯುವುದಿಲ್ಲ.

2022ರ ಜೂನ್‌ನಿಂದ ತೆರೆಂಗಾನುವಿನಲ್ಲಿ ಎಲ್ಲ ಜಾತಿಯ ಕಡಲಾಮೆ ಮೊಟ್ಟೆಗಳ ಮಾರಾಟಕ್ಕೂ ನಿಷೇಧ ಬಂತು. ಬೊರ್ನಿಯೊ ದ್ವೀಪದ ಸಬಾ, ಸರವಾಕ್ ರಾಜ್ಯಗಳಲ್ಲಿ ಅದಕ್ಕೂ ಮೊದಲೇ ಪೂರ್ತಿ ನಿಷೇಧವಿತ್ತು. ಚರ್ಮಬೆನ್ನಿನ ಆಮೆಯ ಮೊಟ್ಟೆಯ ನಿಷೇಧಕ್ಕೂ ಇದಕ್ಕೂ ನಡುವಿನ ಅಂತರ ಮೂರು ದಶಕಕ್ಕೂ ಹೆಚ್ಚು.

350 ಮೀಟರ್ ಮರಳು

ಇನ್ನು ಏರುವ ಲೆಕ್ಕ. ರೆಡಾಂಗ್ ದ್ವೀಪ ದಡದಿಂದ ಸುಮಾರು 45 ಕಿ.ಮೀ. ದೂರ. ಅದರ ಉತ್ತರದ ಅಂಚಿನಲ್ಲಿ ಚಗಾರ್ ಹುತಾಂಗ್ ಎಂಬ ಪುಟ್ಟ ಕೊಲ್ಲಿ ಇದೆ, ಮರಳಿನ ಉದ್ದ ಬರೀ 350 ಮೀಟರ್. ಚಾನ್, ಲ್ಯೂ ಮತ್ತು ಅವರ ವಿಶ್ವವಿದ್ಯಾಲಯದ ಕಡಲಾಮೆ ಸಂಶೋಧನಾ ಘಟಕ ಅಲ್ಲಿ ಕೆಲಸ ಶುರು ಮಾಡಿದ್ದು 1993ರಲ್ಲಿ. ಆ ಘಟಕ ಈಗ ಮಲೇಷ್ಯಾ ತೆರೆಂಗಾನು ವಿಶ್ವವಿದ್ಯಾಲಯದ್ದು. 2005ರಲ್ಲಿ ಕೊಲ್ಲಿಯನ್ನು ಆಮೆಧಾಮವೆಂದು ಘೋಷಿಸಲಾಯಿತು.

ಅಲ್ಲಿನ ಕ್ರಮ ಸರಳ. ಮೊಟ್ಟೆಯನ್ನು ಅಗೆದು ಬೇರೆಡೆಗೆ ಒಯ್ಯದೆ ಇಟ್ಟ ಜಾಗದಲ್ಲೇ ಬಿಡುವುದು. ಪ್ರತಿ ಗೂಡಿಗೂ ಗುರುತು ಹಾಕುವುದು. ಹಂಗಾಮಿನ ಪ್ರತಿ ರಾತ್ರಿ ತೀರದಲ್ಲಿ ಎಚ್ಚರವಿರುವುದು. ಇದಕ್ಕೆ ಬೇಕಾದದ್ದು ಯಂತ್ರವಲ್ಲ, ನಿದ್ದೆಗೆಟ್ಟು ಕಾಯುವ ಮನುಷ್ಯರು. ಶುಲ್ಕ ತಾವೇ ತೆತ್ತು ಬರುವ ಸ್ವಯಂಸೇವಕರು ವಾರಗಟ್ಟಲೆ ತಂಗಿ ಸರದಿಯಲ್ಲಿ ಗಸ್ತು ತಿರುಗುತ್ತಾರೆ. ದೂರದಲ್ಲಿರುವವರು ಹಣ ಕೊಟ್ಟು ಒಂದು ಗೂಡನ್ನೋ ಒಂದು ಆಮೆಯನ್ನೋ ದತ್ತು ಪಡೆಯುವ ವ್ಯವಸ್ಥೆಯೂ ಇದೆ. ಕೆಲಸದ ಖರ್ಚಿನ ಒಂದು ಪಾಲು ಹೀಗೆ ಹುಟ್ಟುತ್ತದೆ.

ಫಲ ತಕ್ಷಣ ಬರಲಿಲ್ಲ. ಬರುವಂತೆಯೂ ಇರಲಿಲ್ಲ. 1993ಕ್ಕೆ 25 ಸೇರಿಸಿದರೆ 2018. ಇತ್ತೀಚಿನ ವರ್ಷಗಳಲ್ಲಿ ಆ 350 ಮೀಟರ್ ಮರಳಿನಲ್ಲಿ ಹಂಗಾಮಿಗೆ ಸಾವಿರಕ್ಕೂ ಹೆಚ್ಚು ಗೂಡುಗಳು ಬೀಳುತ್ತಿವೆ. ಸಾವಿರ ಎಂದೇ ಹಿಡಿದರೂ ಮೀಟರಿಗೆ ಮೂರರ ಹತ್ತಿರ. ಮೊಟ್ಟೆಯನ್ನು ಉಳಿಸಲು ಶುರು ಮಾಡಿದ ವರ್ಷಕ್ಕೂ ಗೂಡು ಹೆಚ್ಚಿದ ವರ್ಷಗಳಿಗೂ ನಡುವಿನ ಅಂತರ ಆಮೆ ಬೆಳೆಯಲು ಬೇಕಾದ ಅವಧಿಗೆ ತಾಳೆಯಾಗುತ್ತದೆ.

ಸಬಾ ರಾಜ್ಯದ ಆಮೆ ದ್ವೀಪಗಳ ಕಥೆಯೂ ಇದೇ ದಾರಿಯದು. ಸೆಲಿಂಗಾನ್ ದ್ವೀಪದಲ್ಲಿ 1966ರಲ್ಲಿ ಮರಿಗೂಡು, 1977ರಲ್ಲಿ ಮೂರು ದ್ವೀಪ ಸೇರಿಸಿ 1,740 ಹೆಕ್ಟೇರಿನ ಉದ್ಯಾನ. ರಾತ್ರಿ ತಂಗುವ ಅತಿಥಿಗಳ ಸಂಖ್ಯೆಗೆ ಅಲ್ಲಿ ಮಿತಿ ಇದೆ. ಕತ್ತಲಾದ ಮೇಲೆ ಅತಿಥಿಗಳು ದಡದಲ್ಲಿ ಸ್ವಂತ ಇಚ್ಛೆಯಂತೆ ತಿರುಗುವಂತಿಲ್ಲ. ಆಮೆ ಬಂದಿದೆ ಎಂದು ಕಾವಲುಗಾರ ಕರೆದಾಗ ಮಾತ್ರ ಹೋಗಬೇಕು.

ಪ್ರವಾಸಿಯ ಪಾಲು ಎಷ್ಟು

ಭಾರತೀಯರಿಗೆ 2023ರ ಡಿಸೆಂಬರಿನಿಂದ 30 ದಿನದವರೆಗಿನ ಭೇಟಿಗೆ ಮಲೇಷ್ಯಾ ವೀಸಾ ಕೇಳುತ್ತಿಲ್ಲ. ಈ ರಿಯಾಯಿತಿಯನ್ನು 2026ರ ಕೊನೆಯವರೆಗೆ ವಿಸ್ತರಿಸಿದೆ. 2026ನ್ನು ಆ ದೇಶ ಪ್ರವಾಸಿ ವರ್ಷವಾಗಿಯೂ ಆಚರಿಸುತ್ತಿದೆ. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನವಿದೆ. ಹಾಗಾಗಿ ಈ ದ್ವೀಪಗಳ ದಡದಲ್ಲಿ ಕನ್ನಡ ಮಾತು ಕೇಳಿಸುವುದು ಈಗ ಅಪರೂಪವಲ್ಲ.

ಒಂದು ಜೋಡಿ ರೆಡಾಂಗಿನಲ್ಲಿ ಮೂರು ರಾತ್ರಿ ತಂಗಿತು ಎನ್ನಿ. ವಿದೇಶಿಯರಿಗೆ 2017ರ ಸೆಪ್ಟೆಂಬರಿನಿಂದ ಇರುವ ಪ್ರವಾಸಿ ತೆರಿಗೆ ಕೋಣೆಗೆ ರಾತ್ರಿಗೆ 10 ರಿಂಗಿಟ್, ಒಟ್ಟು 30. ಸಾಗರ ಉದ್ಯಾನದ ಸಂರಕ್ಷಣಾ ಶುಲ್ಕ ವಿದೇಶಿ ವಯಸ್ಕರಿಗೆ ತಲಾ 30, ಇಬ್ಬರಿಗೆ 60. ಎರಡೂ ಸೇರಿ 90 ರಿಂಗಿಟ್, ಸುಮಾರು 1,800 ರೂಪಾಯಿ. ವಿಮಾನ, ದೋಣಿ, ರೆಸಾರ್ಟು ಸೇರಿ ಲಕ್ಷದ ಮಾತಾಡುವ ಪ್ರವಾಸದಲ್ಲಿ ಕಡಲನ್ನು ಕಾಯುವುದಕ್ಕೆಂದು ನೇರವಾಗಿ ತೆರುವುದು 60 ರಿಂಗಿಟ್, ಅಂದರೆ 1,200 ರೂಪಾಯಿ. ಒಂದು ರಾತ್ರಿಯ ಊಟದ ಬಿಲ್ಲಿಗಿಂತ ಹೆಚ್ಚೇನಲ್ಲ.

ದುಡ್ಡಿಲ್ಲದೆ ಕೊಡಬಹುದಾದದ್ದು ಇನ್ನೂ ದೊಡ್ಡದು. ಮರಳಿನಿಂದ ಎದ್ದ ಮರಿ ಬೆಳಕಿರುವ ಕಡೆಗೆ ಓಡುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು, ರೆಸಾರ್ಟಿನ ತೀರದಲ್ಲಿ ಕಡಲಿಗೆ ಮುಖಮಾಡಿದ ದೀಪದ್ದು. ದೀಪ ಆರಿಸಲು ಖರ್ಚು ಸೊನ್ನೆ. ಮೊಟ್ಟೆ ಇಡಲು ಬಂದ ಆಮೆ ಟಾರ್ಚು, ಕ್ಯಾಮೆರಾ ಬೆಳಕಿಗೆ ಬೆದರಿ ಮೊಟ್ಟೆ ಇಡದೆ ಕಡಲಿಗೆ ಮರಳುತ್ತದೆ. ರಂಟಾವ್ ಅಬಾಂಗಿನ ಭರಾಟೆಯ ದಿನಗಳಲ್ಲಿ ಜನ ಆಮೆಯ ಸುತ್ತ ಗುಂಪುಗಟ್ಟಿ ಟಾರ್ಚು ಹಾಕಿದ್ದು, ಬೆನ್ನ ಮೇಲೆ ಹತ್ತಿದ್ದು ಎಲ್ಲವೂ ದಾಖಲೆಯಲ್ಲಿದೆ. ಅವರೂ ಆಮೆಯನ್ನು ಪ್ರೀತಿಸಿಯೇ ಬಂದವರು.

ನಮ್ಮ ತೀರದ ಲೆಕ್ಕ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ನಮ್ಮಲ್ಲಿ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಆಮೆ; ಚಳಿಗಾಲದಿಂದ ಬೇಸಿಗೆಯ ಮೊದಲ ದಿನಗಳವರೆಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಕುಂದಾಪುರದ ದಡಗಳಿಗೆ. 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆ ಗೂಡುಗಳು ಕಂಡಾಗ ಅದು ದೊಡ್ಡ ಸುದ್ದಿಯಾಯಿತು. ಒಡಿಶಾದ ಋಷಿಕುಲ್ಯಾ ತೀರದಲ್ಲಿ 2025ರ ಫೆಬ್ರವರಿಯಲ್ಲಿ ಸುಮಾರು 7 ಲಕ್ಷ ಆಮೆಗಳು ಮೊಟ್ಟೆ ಇಟ್ಟವು. ಅದರ ಮುಂದೆ ನಮ್ಮದು ಚಿಕ್ಕ ಸಂಖ್ಯೆ. ಚಿಕ್ಕದಾದ್ದರಿಂದಲೇ ಒಂದೊಂದು ಗೂಡೂ ತೂಕದ್ದು.

ಆಲಿವ್ ರಿಡ್ಲಿಯ ಗೂಡಿಗೆ 110 ಮೊಟ್ಟೆ, ನೂರಕ್ಕೆ ಎಂಬತ್ತರಂತೆ 88 ಮರಿ. ಸಾವಿರಕ್ಕೊಂದು ದೊಡ್ಡದಾಗುವುದಾದರೆ ಒಂದೇ ಒಂದು ದೊಡ್ಡಾಮೆಗೆ 11ಕ್ಕೂ ಹೆಚ್ಚು ಗೂಡು ಬೇಕು. ಒಂದು ಊರಿನ ದಡದಲ್ಲಿ ಡಜನ್ ಗೂಡು ಕಾದದ್ದರ ನಿವ್ವಳ ಲಾಭ ಒಂದು ಆಮೆ. ಅದರಲ್ಲಿ ಮೂರು ಗೂಡು ನಾಯಿ ತಿಂದರೆ, ಎರಡು ಗೂಡು ಕಲ್ಲಿನ ತಡೆಗೋಡೆಯ ಬುಡದಲ್ಲಿ ನೀರು ನಿಂತು ಕೊಳೆತರೆ ಆ ಒಂದೂ ಇಲ್ಲ.

ಕಾನೂನಿನಲ್ಲಿ ನಮಗೆ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಡಲಾಮೆಗಳಿವೆ. ಮೊಟ್ಟೆ ಮಾರುವುದು ಅಪರಾಧ. ಹೊನ್ನಾವರದ ಕಾಸರಕೋಡ, ಉಡುಪಿಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಪ್ರವಾಸೋದ್ಯಮ ನಮ್ಮ ದಡಗಳಿಗೂ ಬಂದಿದೆ, ಇನ್ನೂ ಬರುತ್ತದೆ. ಅದರ ಜೊತೆಗೆ ಬರುವ ದೀಪ, ವಾಹನ, ತಡೆಗೋಡೆ, ಬಂದರುಗಳು ಆಮೆಯ ಮರಳನ್ನು ಎಷ್ಟು ಬಿಟ್ಟುಕೊಡುತ್ತವೆ ಎಂಬುದನ್ನು ಈಗಲೇ ಕೇಳಬೇಕು.

ಬಲೆಯ ಪ್ರಶ್ನೆಯಲ್ಲಿ ಭಾರತ, ಮಲೇಷ್ಯಾ ಎರಡೂ ಒಂದೇ ಕಟಕಟೆಯಲ್ಲಿ ನಿಂತಿವೆ. ಆಮೆ ತಪ್ಪಿಸಿಕೊಳ್ಳುವ ಬಾಗಿಲು ಇಲ್ಲದ ಬಲೆಯಲ್ಲಿ ಹಿಡಿದ ಸೀಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಥಾಯ್ಲೆಂಡ್, ಪಾಕಿಸ್ತಾನ ಸೇರಿ ವಿಶ್ವ ವಾಣಿಜ್ಯ ಸಂಘಟನೆಗೆ ದೂರು ಕೊಟ್ಟವು; 1998ರಲ್ಲಿ ಮೇಲ್ಮನವಿಯ ತೀರ್ಪು ಬಂತು. ಅಮೆರಿಕ ನಿಯಮ ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯವಿದೆ ಎಂದ ತೀರ್ಪು, ಆಮೆಯನ್ನು ಕಾಯುವ ಉದ್ದೇಶವನ್ನು ತಳ್ಳಿಹಾಕಲಿಲ್ಲ. 2018ರಲ್ಲಿ ಮಲೇಷ್ಯಾದ, 2019ರಲ್ಲಿ ಭಾರತದ ಕಡಲು ಸೀಗಡಿಗೆ ಅಮೆರಿಕದ ಬಾಗಿಲು ಮತ್ತೆ ಮುಚ್ಚಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಆಮೆ ಬಾಗಿಲನ್ನು ರೂಪಿಸಿ ಬಹಳ ಕಾಲವಾಗಿದೆ. ಅದನ್ನು ಬಲೆಗೆ ಹೊಲಿಯುವ ಖರ್ಚನ್ನು ಸಣ್ಣ ಬೋಟಿನವರ ತಲೆಗೆ ಕಟ್ಟದೆ ಸರ್ಕಾರ ಭರಿಸಿದರೆ ರಫ್ತಿಗೂ ಲಾಭ, ಆಮೆಗೂ ಲಾಭ.

ಕೇಳಬೇಕಾದ ಮೂರು ಅಂಕಿ

ರಂಟಾವ್ ಅಬಾಂಗಿನಲ್ಲಿ ಅಂಕಿಗಳಿದ್ದವು, ಅವುಗಳ ಮಾತನ್ನು ಕೇಳುವುದು ತಡವಾಯಿತು. ನಮ್ಮಲ್ಲಿ ಅಂಕಿಗಳೇ ಚದುರಿಹೋಗಿವೆ: ಒಂದು ಗೂಡಿನ ಸುದ್ದಿ ಪತ್ರಿಕೆಯಲ್ಲಿ, ಇನ್ನೊಂದು ಅರಣ್ಯ ಇಲಾಖೆಯ ಕಡತದಲ್ಲಿ, ಮತ್ತೊಂದು ಯಾವುದೋ ಮೀನುಗಾರರ ಮೊಬೈಲಿನಲ್ಲಿ. ಪ್ರತಿ ಹಂಗಾಮು ಮುಗಿದ ಮೇಲೆ ಪ್ರತಿ ಕರಾವಳಿ ತಾಲ್ಲೂಕು ಮೂರು ಸಂಖ್ಯೆಯನ್ನು ಪ್ರಕಟಿಸಲಿ: ಎಷ್ಟು ಗೂಡು ಬಿದ್ದವು, ಎಷ್ಟು ಮರಿ ಕಡಲು ಸೇರಿದವು, ಎಷ್ಟು ದೊಡ್ಡಾಮೆಗಳು ಸತ್ತು ದಡಕ್ಕೆ ಬಂದವು. ಗೂಡು ಕಾದ ಮೀನುಗಾರರಿಗೆ ಅದೇ ಪಟ್ಟಿಯ ಆಧಾರದ ಮೇಲೆ ಕಾವಲಿನ ಕೂಲಿ ಸಿಗಲಿ. ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರೆಯುವಷ್ಟು ಸಣ್ಣ ಪಟ್ಟಿ ಇದು. ಆದರೆ ವರ್ಷದಿಂದ ವರ್ಷಕ್ಕೆ ಸಾಲಾಗಿ ಬರೆದಿಟ್ಟರೆ ಶೇ. 13ರ ಇಳಿಕೆ ಎರಡನೇ ವರ್ಷವೇ ಕಾಣುತ್ತದೆ, ಮೂವತ್ತೊಂಬತ್ತನೇ ವರ್ಷ ಅಲ್ಲ. ಚಗಾರ್ ಹುತಾಂಗಿನವರು 350 ಮೀಟರಿನಲ್ಲಿ ಮಾಡಿದ್ದನ್ನು 320 ಕಿ.ಮೀ. ಉದ್ದದ ಕರಾವಳಿ ಇಟ್ಟುಕೊಂಡ ನಾವು ಈ ಹಂಗಾಮಿನಿಂದಲೇ ಶುರು ಮಾಡಬಹುದು.